ನಮ್ಮ ಸಮಯಕ್ಕೆ ಬೆಲೆ ಎಷ್ಟು?

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಹೆಸರನ್ನು ನೀವು ಕೇಳಿರಬಹುದು. ಕೇಳಿಲ್ಲವೆಂದಾದರೆ ನಿಮ್ಮಷ್ಟು ಅದೃಷ್ಟವಂತರು ಬೇರಿಲ್ಲ! ನಾನಂತೂ ಎಂಟು ವರ್ಷಗಳಿಂದ, ಭಾನುವಾರವೊಂದನ್ನು ಬಿಟ್ಟು, ದಿನಕ್ಕೆರಡು ಬಾರಿ ಅದನ್ನು ದಾಟಿದವಳು. ದಾಟಿದೆ ಎನ್ನುವುದಕ್ಕಿಂತ ಅಲ್ಲಿ ನಿಂತೆ ಎನ್ನುವುದೇ ಸರಿ.

ನಮ್ಮ ಮನೆ ಗುರಪ್ಪನಪಾಳ್ಯದಲ್ಲಿ. ನನ್ನ ಕೆಲಸ ಹೆಬ್ಬಗೋಡಿಯ ಸಮೀಪದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ಬರೆಯುವುದು. ಸಂಜೆ ಐದೂವರೆಗೆ ಕೆಲಸ ಮುಗಿಸಿ ಹೊರಟರೆ ಮನೆ ತಲಪುವಾಗ ಏಳೂವರೆ. ಮಳೆ ಬಂದರೆ ಎಂಟೂವರೆ. ಚಳಿಗಾಲದಲ್ಲಿ ಮಗ್ರಿಬ್‌ನ ಅದಾನ್ ಬಸ್ಸಿನ ಕಿಟಕಿಯಿಂದಲೇ ಕೇಳಿಸುತ್ತಿತ್ತು. ಮಗಳಿಗೆ ಪಾಠ ಓದಿಸುವವರು ನನ್ನ ಅತ್ತೆ. ಅವರಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಬಾರದು. ಆದರೂ ಪುಸ್ತಕವನ್ನು ಎದುರಿಗಿಟ್ಟುಕೊಂಡು, "ಜೋರಾಗಿ ಓದು" ಎಂದು ಮಗಳಿಂದ ಓದಿಸಿ ತಲೆಯಾಡಿಸುತ್ತಿದ್ದರು. ತಪ್ಪು ಓದಿದರೂ ತಲೆಯಾಡುತ್ತಿತ್ತು!

ಮಗಳು ಒಂದನೇ ತರಗತಿಯಲ್ಲಿದ್ದಾಗ ನಮ್ಮ ದಾರಿಯಲ್ಲಿ ಮೆಟ್ರೋ ಕೆಲಸದ ತಗಡಿನ ತಡೆಗೋಡೆಗಳು ಬಂದವು. ಇದ್ದ ರಸ್ತೆಯೂ ಕಿರಿದಾಯಿತು. ಕಂಬಗಳು ಎದ್ದವು. "ಅಮ್ಮೀ, ರೈಲು ಯಾವಾಗ?" ಎಂದು ಕೇಳುತ್ತಿದ್ದವಳು ಕೇಳುವುದನ್ನೇ ಬಿಟ್ಟಳು. ಕೊನೆಗೂ 2025ರ ಆಗಸ್ಟ್ 10ರಂದು ಪ್ರಧಾನಿಯವರು ಹಳದಿ ಮಾರ್ಗವನ್ನು ಉದ್ಘಾಟಿಸಿದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ಆಗ ಮಗಳು ಒಂಭತ್ತನೇ ತರಗತಿಯಲ್ಲಿದ್ದಳು.

ಮರುದಿನ ಸೋಮವಾರ. ಸಾರ್ವಜನಿಕರಿಗೆ ಅದೇ ಮೊದಲ ದಿನ. ನಾನೂ ಜಯದೇವ ನಿಲ್ದಾಣದ ಮೆಟ್ಟಿಲು ಹತ್ತಿದೆ. ಅಲ್ಲಿನ ದೃಶ್ಯ ನೋಡಬೇಕಿತ್ತು! ಮದುವೆ ಮನೆಗೆ ಬಂದಂತೆ ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ ಕರೆತಂದವರು, ರೈಲು ಬರುವ ಮೊದಲೇ ಹಳಿಯ ಫೋಟೋ ತೆಗೆಯುವವರು, ಶುರುವಿನಲ್ಲಿ ಇದ್ದುದೇ ಮೂರು ರೈಲುಗಳಾದ್ದರಿಂದ "25 ನಿಮಿಷಕ್ಕೊಂದು ಅಂದ್ರೆ ಹೇಗೆ ಸ್ವಾಮಿ?" ಎಂದು ಗೊಣಗುವವರು, ಎಲ್ಲರೂ ಇದ್ದರು. ಕುತ್ತಿಗೆಗೆ ಕಂಪೆನಿಯ ಗುರುತಿನ ಚೀಟಿ ತೂಗಿಸಿಕೊಂಡಿದ್ದ ಹುಡುಗನೊಬ್ಬ ತನ್ನ ಗೆಳೆಯನಿಗೆ ಫೋನಿನಲ್ಲಿ, "ಬೈಕ್ ಮಾರ್ತೀನಿ ಕಣೋ, ಯಾರಾದ್ರೂ ಇದ್ರೆ ಹೇಳು" ಎನ್ನುತ್ತಿದ್ದ. ಹಿರಿಯರೊಬ್ಬರು ಸೀಟಿನಲ್ಲಿ ಕೂತು ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದರು. ಸಿಲ್ಕ್ ಬೋರ್ಡ್ ದಾಟಿದಾಗ ಗಡಿಯಾರ ನೋಡಿಕೊಂಡು, "ಆಯ್ತಾ? ಇಷ್ಟೇನಾ?" ಎಂದರು. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಆ ನಗುವಿನ ಅರ್ಥ ಆ ದಾರಿಯಲ್ಲಿ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಗೊತ್ತು.

ಅರ್ಧ ಗಂಟೆಯೊಳಗೆ ನಾನು ಹೆಬ್ಬಗೋಡಿಯಲ್ಲಿದ್ದೆ. ಕೆಳಗಿಳಿದಾಗ ಆಟೋ ಚಾಲಕನಲ್ಲಿ, "ನಿಮಗೆ ನಷ್ಟವಾಯಿತೇನಪ್ಪಾ?" ಎಂದೆ. "ದೂರದ ಬಾಡಿಗೆ ಹೋಯ್ತು ಮೇಡಂ, ಸ್ಟೇಷನ್ ಬಾಡಿಗೆ ಬಂತು. ನೋಡೋಣ" ಎಂದ.

ಇಲ್ಲಿಯವರೆಗೆ ಎಲ್ಲವೂ ಸಂತಸದ ಮಾತೇ. ಆದರೆ ನಾನು ಆ ರೈಲಿನಲ್ಲಿ ಹೋದದ್ದು ಮೂರೇ ದಿನ. ನಾಲ್ಕನೆಯ ದಿನ ಮತ್ತೆ ಬಸ್ ನಿಲ್ದಾಣದಲ್ಲಿದ್ದೆ. ಯಾಕೆ ಗೊತ್ತೇ?

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ 'ಶಕ್ತಿ' ಯೋಜನೆಯ ಪ್ರಕಾರ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮೆಟ್ರೋದಲ್ಲಿ ಹಾಗಿಲ್ಲ. ಮೇಲಾಗಿ 2025ರ ಫೆಬ್ರವರಿಯಲ್ಲಿ ಮೆಟ್ರೋ ದರವೂ ಏರಿತ್ತು, ಗರಿಷ್ಠ ದರ 60ರಿಂದ 90 ರೂಪಾಯಿಗೆ. ನನಗೆ ಹೋಗಿ ಬರಲು ದಿನಕ್ಕೆ ಹೆಚ್ಚುಕಡಿಮೆ ನೂರು ರೂಪಾಯಿ. ತಿಂಗಳಿಗೆ ಎರಡೂವರೆ ಸಾವಿರಕ್ಕೂ ಮೇಲೆ. ನಮ್ಮವರು ಬೇಡವೆನ್ನಲಿಲ್ಲ. "ನಿನ್ನಿಷ್ಟ. ಆದರೆ ಬಸ್ ಫ್ರೀ ಇದೆಯಲ್ಲ?" ಎಂದರು, ಅಷ್ಟೆ. ಅದು ಮಗಳ ಟ್ಯೂಷನ್ನಿನ ಹಣ, ಅತ್ತೆಯ ಔಷಧಿಯ ಹಣ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಲೆಕ್ಕ ಬರೆಯುವವಳಲ್ಲವೇ! ಸಂಸಾರಕ್ಕಾಗಿ ಇಷ್ಟಾದರೂ ಮಾಡುತ್ತಿದ್ದೇನೆಂಬ ಒಂದು ಸಣ್ಣ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಬಸ್ಸಿನಲ್ಲಿ ನನ್ನ ಹಳೆಯ ಜೊತೆಗಾತಿ ಸಿಕ್ಕಳು. ಬೊಮ್ಮನಹಳ್ಳಿಯವಳು. ನಮ್ಮ ಕಾರ್ಖಾನೆಯ ಬಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. "ಯಾಕಕ್ಕಾ, ರೈಲು ಬಿಟ್ಟು ಬಂದ್ರಿ?" ಎಂದಳು. ಹೇಳಿದೆ. "ನಮ್ಮನೇಲಿ ಕೇಳೋದೇ ಬೇಡ. ಅವರು ದಿನಾ ಗಾಡಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸ್ತಾರೆ. ಅವರದ್ದು ಖರ್ಚು, ನಂದಾದ್ರೆ ದುಂದು" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಆ ಮಾತು ತಲೆಯಿಂದ ಹೋಗಲಿಲ್ಲ.

ಸೆಪ್ಟೆಂಬರ್‌ನ ಒಂದು ಮಳೆಯ ದಿನ. ನಾಲ್ಕು ಗಂಟೆಗೆ ಮಗಳ ಫೋನ್ ಬಂತು. "ಅಮ್ಮೀ, ಬೇಗ ಬನ್ನಿ" ಎಂದಳು. ಯಾಕೆಂದರೆ ಹೇಳಲಿಲ್ಲ, ದನಿ ನಡುಗುತ್ತಿತ್ತು. ಫೋನು ದಾದಿಯ ಕೈಗೆ ಹೋಯಿತು. ಅವರು ಮೆಲ್ಲಗೆ ವಿಷಯ ತಿಳಿಸಿದರು. ಹೆಣ್ಣುಮಕ್ಕಳಿರುವ ನಿಮಗೆ ನಾನು ಹೆಚ್ಚು ಹೇಳಬೇಕಿಲ್ಲ. ಪ್ರತಿ ಹುಡುಗಿಯ ಬಾಳಿನಲ್ಲಿ ತಾಯಿ ಹತ್ತಿರವಿರಬೇಕಾದ ಒಂದು ದಿನ ಇರುತ್ತದಲ್ಲ, ಅದು ಅಂತಹ ದಿನ. ಅರ್ಧ ಗಂಟೆ ಮೊದಲೇ ಅನುಮತಿ ಪಡೆದು ಹೊರಟೆ. ಎದುರಿಗೆ ಬಸ್ಸು ನಿಂತಿತ್ತು, ಅಭ್ಯಾಸಬಲದಿಂದ ಹತ್ತಿಬಿಟ್ಟೆ. ಬೊಮ್ಮನಹಳ್ಳಿಗೆ ಬರುವಾಗಲೇ ಆರೂವರೆ. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸು ನಿಂತಿತು ನೋಡಿ, ಅಲ್ಲಾಡಲಿಲ್ಲ. ಮೇಲ್ಸೇತುವೆಯ ಮೇಲೆ ದೀಪ ಉರಿಸಿಕೊಂಡು ರೈಲು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಹೋಯಿತು. ನಾನು ಇದ್ದಲ್ಲೇ ಇದ್ದೆ. ಮನೆ ತಲಪಿದಾಗ ಮಗಳು ದಾದಿಯ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅಂದು ಟಿಕೆಟಿನ ಐವತ್ತು ರೂಪಾಯಿ ನನ್ನ ಪರ್ಸಿನಲ್ಲಿ ಹಾಗೆಯೇ ಉಳಿದಿತ್ತು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗನನ್ನು ಕೇಳಿದರು: "ನಿನ್ನ ಬೈಕಿಗೆ ತಿಂಗಳಿಗೆ ಎಷ್ಟಾಗುತ್ತೆ?"

"ಮೂರು ಸಾವಿರ ಇರಬಹುದು ಅಮ್ಮಾ."

"ಯಾರನ್ನು ಕೇಳಿ ಹಾಕಿಸ್ತೀಯ?"

ನಮ್ಮವರು ಉತ್ತರಿಸಲಿಲ್ಲ. ಅತ್ತೆ ದನಿ ಏರಿಸದೆ, "ಇವಳ ಬಸ್ಸು ಪುಕ್ಕಟೆ ಅಂತೀಯಲ್ಲ, ದಿನಕ್ಕೆ ಒಂದೂವರೆ ಗಂಟೆ ಇವಳು ಅದಕ್ಕೆ ಕೊಡ್ತಿದ್ದಾಳೆ. ಅದು ನಿನ್ನ ಲೆಕ್ಕದಲ್ಲಿ ಇಲ್ಲ, ಇವಳ ಲೆಕ್ಕದಲ್ಲೂ ಇಲ್ಲ" ಎಂದರು. ನನ್ನ ತಲೆ ತಗ್ಗಿತು. ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯ ಜೀವ, ಹದಿನೈದು ವರ್ಷ ಲೆಕ್ಕ ಬರೆದ ನನ್ನ ತಪ್ಪನ್ನು ಒಂದೇ ಮಾತಿನಲ್ಲಿ ತೋರಿಸಿಕೊಟ್ಟಿತ್ತು.

ಮರುದಿನ ನಮ್ಮವರೇ ನನ್ನ ಮೆಟ್ರೋ ಕಾರ್ಡಿಗೆ ಹಣ ತುಂಬಿಸಿದರು. ನಾವು ಸಿರಿವಂತರಲ್ಲ. ಆದ್ದರಿಂದ ಒಂದು ತೀರ್ಮಾನಕ್ಕೆ ಬಂದೆವು. ಬೆಳಿಗ್ಗೆ ಬೇಗ ಹೊರಟು ಬಸ್ಸಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. ಖರ್ಚು ಅರ್ಧ.

ಮೊದಲ ವಾರ ಆರೂವರೆಗೆಲ್ಲಾ ಮನೆಯಲ್ಲಿದ್ದೆ. ಆದರೆ ಆಮೇಲೆ ಆದದ್ದನ್ನು ಕೇಳಿದರೆ ನಿಮಗೆ ನಗು ಬರಬಹುದು. ಬೇಗ ಬಂದಳಲ್ಲ ಎಂದು ಚಹಾ ಬೇಕೆಂದವರಿಗೆ ಚಹಾ, ತಿಂಡಿ ಬೇಕೆಂದವರಿಗೆ ತಿಂಡಿ. ರೊಟ್ಟಿ ಸಾಕಾಗುತ್ತಿದ್ದ ಮನೆಯಲ್ಲಿ ಪರಾಠ ಬೇಕಾಯಿತು. ರೈಲು ಉಳಿಸಿಕೊಟ್ಟ ಒಂದು ಗಂಟೆಯನ್ನು ಒಲೆ ನುಂಗಿತು! ಮೆಟ್ರೋ ನಮ್ಮನ್ನು ಮನೆಯ ಹತ್ತಿರ ತಂದು ಬಿಡಬಹುದು, ಮನೆಯೊಳಗಿನ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು. ಈ ಸಲ ಅತ್ತೆ ಹೇಳುವವರೆಗೆ ಕಾಯಲಿಲ್ಲ. ಆರೂವರೆಯಿಂದ ಏಳೂವರೆ ಮಗಳದ್ದು ಎಂದು ನಾನೇ ಹೇಳಿದೆ. ಈರುಳ್ಳಿ ಹೆಚ್ಚುವ ಕೆಲಸ ನಮ್ಮವರಿಗೆ ಬಂತು. ಮೊದಮೊದಲು ಕಣ್ಣೀರು ಬರುತ್ತಿತ್ತು, ಈಗ ಅಭ್ಯಾಸವಾಗಿದೆ. ಮಗಳು ಜೋರಾಗಿ ಓದುತ್ತಾಳೆ, ತಪ್ಪಿದರೆ ನಾನು ತಿದ್ದುತ್ತೇನೆ. ಅತ್ತೆ ಪಕ್ಕದಲ್ಲಿ ಕೂತು ಎಂದಿನಂತೆ ತಲೆಯಾಡಿಸುತ್ತಾರೆ.

ಬೊಮ್ಮನಹಳ್ಳಿಯ ಗೆಳತಿ ಮಾತ್ರ ಇನ್ನೂ ಬಸ್ಸಿನಲ್ಲೇ. ಒಂದು ಸಂಜೆ ಒತ್ತಾಯ ಮಾಡಿ ರೈಲಿಗೆ ಕರೆದೊಯ್ದೆ. ಟಿಕೆಟಿನ ಹಣವನ್ನು ನನ್ನಿಂದ ತೆಗೆದುಕೊಳ್ಳಲು ಒಪ್ಪಲಿಲ್ಲ. ಗಾಜಿನ ಬಳಿ ನಿಂತು ಕೆಳಗೆ ನೋಡುತ್ತಿದ್ದವಳು ಹುಸ್ಕೂರು ರಸ್ತೆಯ ಹತ್ತಿರ ತಟ್ಟನೆ, "ಅಕ್ಕಾ, ಅಲ್ನೋಡಿ, ನಮ್ಮ ಬಸ್ಸು!" ಎಂದಳು. ಬೊಮ್ಮನಹಳ್ಳಿಯಲ್ಲಿ ಇಳಿಯುವಾಗ, "ಇವತ್ತು ಮಕ್ಕಳು ಎದ್ದಿರ್ತಾರೆ" ಎಂದಳು. ಮರುದಿನ ಮತ್ತೆ ಬಸ್ಸು ಹತ್ತಿದಳು. ಅವಳ ಸಂಬಳಕ್ಕೆ ಆ ದರ ಭಾರ, ಇದನ್ನು ಸರಕಾರ ಯೋಚಿಸಬೇಕು. ಉಚಿತ ಬಸ್ಸು ಅವಳಂತಹ ಎಷ್ಟೋ ಮಂದಿಗೆ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡಿದು ದಣಿದವಳಿಗೆ ಬೇಗ ಮನೆ ಸೇರುವ ಹಕ್ಕೂ ಬೇಡವೇ?

ಸರಕಾರ ಮಾಡಬೇಕಾದುದನ್ನು ಸರಕಾರ ಮಾಡಲಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲಿ ಮೆಟ್ರೋ ಇರಲಿಕ್ಕಿಲ್ಲ. ಆದರೆ ನೀರಿನ ಸರತಿ, ರೇಷನ್ ಅಂಗಡಿಯ ಸಾಲು, ತಡವಾಗಿ ಬರುವ ಬಸ್ಸು ಇದ್ದೇ ಇರುತ್ತದೆ. ಅಲ್ಲಿ ನಿಲ್ಲುವವರು ನಿಮ್ಮ ಮನೆಯಲ್ಲಿ ಯಾರು? ಅವರ ಆ ಹೊತ್ತು ಮನೆಯ ಲೆಕ್ಕದ ಪುಸ್ತಕದಲ್ಲಿದೆಯೇ? ಇಂದು ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ. ಕೇಳುವವರು ಮನೆಯ ಹಿರಿಯರಾಗಿದ್ದರೆ ಇನ್ನೂ ಒಳ್ಳೆಯದು.