ಸಂಕಮ್ಮನ ಸಾಲು ಯಾರದ್ದು?

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಶನಿವಾರ ರಾತ್ರಿ ಗೆಳೆಯರೆಲ್ಲ ಮೇಜಿನ ಸುತ್ತ ಕೂತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಇಪ್ಪತ್ತು ಮುಖದ ದಾಳ ಬಿದ್ದಂತೆ ಕಥೆ ತಿರುಗುತ್ತದೆ. ಮಾದಪ್ಪನ ಎಪ್ಪತ್ತೇಳು ಮಲೆಯನ್ನೇ ಆಟದ ನೆಲ ಮಾಡಬೇಕೆಂಬ ಹುಚ್ಚು ಅವನಿಗೆ ಹತ್ತಿತು. "ಶ್ರವಣ ದೊರೆ, ಹರಳಯ್ಯನ ಪಾದರಕ್ಷೆ, ಹುಲಿ... ಎಲ್ಲ ಇದೆಯಲ್ಲ ಮಾವ. ಬರೆದು ಎಲ್ಲರಿಗೂ ಸಿಗುವ ಹಾಗೆ ಹಾಕುತ್ತೇನೆ. ಯಾರ ಅನುಮತಿ ಕೇಳಲಿ?"

ಅನುಮತಿಯ ಭಯ ಆ ಆಟದವರಿಗೆ ಹಳೆಯದು. 1974ರಲ್ಲಿ ಆಟ ಹೊರಬಂದಾಗ ಅದರಲ್ಲಿ ಟೋಲ್ಕಿನ್ನನ ಹಾಬಿಟ್‌ಗಳಿದ್ದರು. ಹಕ್ಕುದಾರರು ತಕರಾರು ತೆಗೆದ ಮೇಲೆ ಅವರು 'ಹಾಫ್ಲಿಂಗ್'ಗಳಾದರು. ಮುಂದೆ ಅದೇ ಕಂಪನಿ ಅಭಿಮಾನಿಗಳು ಬರೆದು ಹಂಚುತ್ತಿದ್ದುದಕ್ಕೆ ಕಟ್ಟಳೆ ಹಾಕಲು ಹೊರಟಿತು. ಆಟ ಬೇರೆಯವರ ಕೈ ಸೇರಿ, 2000ದಲ್ಲಿ ಮುಕ್ತ ಪರವಾನಗಿ ಬಂತು. 2023ರ ಜನವರಿಯಲ್ಲಿ ಅದನ್ನೂ ಬಿಗಿ ಮಾಡುವ ಕರಡು ಸೋರಿಕೆಯಾಗಿ, ಆಟಗಾರರು ಸಿಡಿದೆದ್ದು, ಆ ತಿಂಗಳು ಮುಗಿಯುವುದರೊಳಗೆ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಡಬೇಕಾಯಿತು. ನಿಯಮದ ವಿಷಯದಲ್ಲಿ ಹುಡುಗ ನಿಶ್ಚಿಂತ. ಕಥೆಯದೇ ಪ್ರಶ್ನೆ.

ನಮ್ಮ 1957ರ ಕಾಯ್ದೆ ಕಥಾವಸ್ತುವನ್ನು ಯಾರ ಸ್ವತ್ತೂ ಮಾಡುವುದಿಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲೇ ಇದನ್ನು ಹೇಳಿದೆ. ಮಾದಪ್ಪನ ಕಾವ್ಯಕ್ಕೆ ಹೆಸರಿರುವ ಕರ್ತೃವೂ ಇಲ್ಲ. ಆದರೆ ಹಾಡಿದವನಿಗೆ ತನ್ನ ಹಾಡಿಕೆಯ ಮೇಲೆ ಹಕ್ಕುಂಟು. ಕಾಯ್ದೆಯ 'ಪ್ರದರ್ಶಕ'ರ ಪಟ್ಟಿಯಲ್ಲಿ ಗಾಯಕರ ಜೊತೆ ಹಾವಾಡಿಗನೂ ಇದ್ದಾನೆ! ಆ ಹಕ್ಕು ಐವತ್ತು ವರ್ಷ. ಹೆಸರು ಹೇಳಿಸಿಕೊಳ್ಳುವ ಹಕ್ಕು 2012ರ ತಿದ್ದುಪಡಿಯಲ್ಲಿ ಸೇರಿತು. ಇದು ಕಂಸಾಳೆಯವರಿಗೆ ತಿಳಿಸಬೇಕಾದವರು ಯಾರು, ಗೊತ್ತಿಲ್ಲ.

ಕೊಳ್ಳೇಗಾಲದ ಸೀಮೆಯಲ್ಲಿ ಬೆಳೆದವರಿಗೆ ಬೇರೆಯದೇ ಪರವಾನಗಿ ಗೊತ್ತು. ದೀಕ್ಷೆ ಪಡೆದ ದೇವರಗುಡ್ಡನಿಗೆ ಮಾದಪ್ಪನ ಕಥೆ, ನೀಲಗಾರನಿಗೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ. ಕಾವ್ಯ ಸಾಲು ಸಾಲಾಗಿದೆ: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಕೇಳುವವರು ತೂಕಡಿಸಿದರೆ ಹಾಡುವವನು ಮೊಟಕು ಮಾಡುತ್ತಾನೆ, ಕಣ್ಣಲ್ಲಿ ನೀರು ಕಂಡರೆ ಹಿಗ್ಗಿಸುತ್ತಾನೆ. ಅಳಿಯನ ಆಟದಲ್ಲಿ ಕಥೆ ನಡೆಸುವವನ ಕೆಲಸವೂ ಅದೇ ಎಂದು ಅವನ ವಾದ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ.

ಹನೂರಿನ ಆಚೆ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಹಿರಿಯ ಹಾಡುಗಾರರಿದ್ದಾರೆ. ಇಬ್ಬರೂ ಹೋದೆವು. ಅಜ್ಜ ಕಂಸಾಳೆಯನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿಸಿಕೊಂಡರು.

"ಕತ ಮಾದಪ್ಪುಂದು ಕನಪ್ಪ, ಬ್ಯಾಡ ಅನ್ನಕ ನಾನ್ಯಾರು? ಆದ್ರ ಹಿಂದ ಒಬ್ರು ಬಂದು ರಾತ್ರಿಯೆಲ್ಲ ಹಾಡಿಸ್ಕೊಂಡು ಕ್ಯಾಸೆಟ್ ಮಾಡುದ್ರು. ಮ್ಯಾಲ ಇನ್ಯಾರ್ದೋ ಹೆಸ್ರು. ಅಂಗ ಮಾಡ್ಬ್ಯಾಡಿ."

ಅಳಿಯ ಮಾತು ಕೊಟ್ಟ. ತನ್ನ ಮಾತಿನಲ್ಲೇ ಬರೆಯುತ್ತಾನೆ, ಅವರು ಹಾಡಿದ್ದನ್ನು ಕೇಳಿ ಕಲಿತೆನೆಂದು ಮೊದಲ ಪುಟದಲ್ಲಿ ಹೆಸರು ಹಾಕುತ್ತಾನೆ, ದುಡ್ಡು ಬಂದರೆ ಪಾಲು. ಕೆಲಸ ಮುಗಿಯಿತೆಂದು ನಾನು ಏಳುವುದರಲ್ಲಿದ್ದೆ.

ಅಜ್ಜ ಕೇಳಿದರು: "ನಿಮ್ಮಾಟದಲ್ಲಿ ಸಂಕಮ್ಮ ಸೋಲ್ಬೌದಾ?"

ದಾಳ ಬಿದ್ದಂತೆ ಎಂದ ಅಳಿಯ. ಜೇನಿಗೆ ಹೊರಟ ಗಂಡ ಭಾಷೆ ಕೇಳಿದಾಗ, ಆಡುವವರು ಕೊಟ್ಟುಬಿಡಲೂಬಹುದು.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆ ಭಾಷೆ ಕೊಡದೆ ಅವಳು ಪಟ್ಟ ಪಾಡನ್ನೇ ಎಷ್ಟು ವರ್ಷ ಹಾಡಿದ್ದಾರೋ. ಅಳಿಯ ಏನೋ ಸಮಜಾಯಿಷಿ ಹೇಳಲು ಹೊರಟಿದ್ದ, ನಾನು ಕೈ ಹಿಡಿದೆ.

"ಅಂಗಾರ ಆಡಿ. ಅವ್ಳ ಹೆಸ್ರು ಮಾತ್ರ ಇಡ್ಬ್ಯಾಡಿ."

ಕಾಯ್ದೆಯ ಯಾವ ಕಲಮಿನಲ್ಲೂ ಈ ಷರತ್ತಿಲ್ಲ. ಕೊಳ್ಳೇಗಾಲಕ್ಕೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಹುಡುಗ ಫೋನು ತೆರೆದು, ಬರೆದಿಟ್ಟಿದ್ದ ಕಡೆಯಲ್ಲೆಲ್ಲ ಆ ಹೆಸರು ಅಳಿಸಿದ. ಅವಳಿಗೆ ಇನ್ನೂ ಬೇರೆ ಹೆಸರು ಸಿಕ್ಕಿಲ್ಲ.