ಪಂಚಮಿಗೆ ಯಾರು ಬರಲಿಲ್ಲ?

ಗಂಗಾವತಿ ಕಡೆ, ಮದುವೆ ಮೆರವಣಿಗೆ. ಟ್ರ್ಯಾಕ್ಟರ್ ಮೇಲೆ ಡಿಜೆ. ಹಾಡಿನಲ್ಲೊಬ್ಬ ಹುಡುಗ ಗೋಳಾಡುತ್ತಿದ್ದಾನೆ: ಪ್ರೀತಿಸಿದಾಕಿ ಕೈಕೊಟ್ಟು ಇನ್ನೊಬ್ಬನ ಕೊರಳಿಗೆ ಮಾಲೆ ಹಾಕಿದಳಂತೆ. ಅದಕ್ಕೇ ವರನ ಗೆಳೆಯರು ಬೆವರು ಸುರಿಸಿ ಕುಣಿಯುತ್ತಿದ್ದಾರೆ, ವಧುವಿನ ಎದುರಿಗೇ. ಯಾರಿಗೂ ಇದು ಅಪಶಕುನ ಅನ್ನಿಸಿಲ್ಲ.

*

ಇಂಥವಕ್ಕೆ ಇಲ್ಲಿಯ ಹೆಸರು ‘ಜಾನಪದ’. ಜನಪದ ಹಾಡು ಕಟ್ಟಿದವರು ಯಾರೆಂದು ಗೊತ್ತಿರುವುದಿಲ್ಲ ಅಂತ ಓದಿದ್ದೆ. ಈ ಹಾಡುಗಳ ಕೊನೆಯ ನುಡಿಯಲ್ಲಿ ಕವಿಯ ಹೆಸರು, ಊರು, ಹಾಡಿದವನ ಹೆಸರು ಎಲ್ಲ ಬರುತ್ತವೆ. ಲಾವಣಿ, ಗೀಗೀ ಪದದವರ ಅಂಕಿತದ ರೂಢಿ ಸ್ಟುಡಿಯೋದಲ್ಲೂ ಉಳಿದುಕೊಂಡಿದೆ. ಹುಡುಗಿಯ ಹೆಸರು ಮಾತ್ರ ಬರುವುದಿಲ್ಲ.

*

ಕೊಪ್ಪಳದ ಬಸ್ಸು. ಒಂಟಿತನದ ಹಾಡನ್ನು ಒಂಟಿಯಾಗಿ ಕೇಳುವವರು ಕಡಿಮೆ. ಇಯರ್‌ಫೋನ್ ಕೊರಳಲ್ಲೇ ಇದೆ, ಫೋನು ಮಾತ್ರ ಇಡೀ ಬಸ್ಸಿಗೆ ಹಾಡುತ್ತಿದೆ. ಕಂಡಕ್ಟರ್ ಬೈಯಲಿಲ್ಲ, ಟಿಕೆಟ್ ಹರಿಯುತ್ತಾ ಪಲ್ಲವಿಗೆ ದನಿಗೂಡಿಸಿದ.

*

ಕುಷ್ಟಗಿ. ಸಂಜೆಯ ನಿಲ್ದಾಣದಲ್ಲಿ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೊರಟವರು: ಮಂಗಳೂರಿಗೆ, ಗೋವೆಗೆ, ಬೆಂಗಳೂರಿಗೆ. ಮಳೆ ನಂಬಿದ ಎರಿಹೊಲ, ಕೈಕೊಟ್ಟರೆ ಗುಳೆ. ಹಾಡಿನ ನಾಯಕನೂ ಇಂಥವನೇ, ಡ್ರೈವರ್ ಅಥವಾ ಕೂಲಿ. ಅವನ ಹುಡುಗಿಯನ್ನು ಮದುವೆಯಾಗುವವನಿಗೆ ನೌಕರಿ ಇರುತ್ತದೆ, ಇಲ್ಲವೇ ನೀರಾವರಿ ಹೊಲ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಗೆ ಭತ್ತ ಕೊಟ್ಟಿತು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಮನೆಗೆ ಹೆಣ್ಣು ಕೊಡುವವರು ಇಂದಿಗೂ ಹಿಂದೆಮುಂದೆ ನೋಡುತ್ತಾರೆ. ಹುಡುಗ ಕಾಲುವೆಯನ್ನು ಬೈಯುವುದಿಲ್ಲ. ಜಾತಿಯನ್ನು ಬೈಯುವುದಿಲ್ಲ. ಸಂಬಂಧ ಕುದುರಿಸಿದ ಹಿರಿಯರನ್ನೂ ಬೈಯುವುದು ಕಡಿಮೆ. ಪಡಸಾಲೆಯಲ್ಲಿ ಕೂತು ನಾಲ್ಕು ಜನ ಮಾಡಿದ ತೀರ್ಮಾನ ಹಾಡಿಗೆ ಬರುವಷ್ಟರಲ್ಲಿ ಒಬ್ಬಳ ಮೋಸ ಆಗಿಬಿಟ್ಟಿರುತ್ತದೆ.

*

ಆನೆಗೊಂದಿ. ಇದೇ ಕಿಷ್ಕಿಂಧೆ ಎನ್ನುತ್ತಾರೆ. ಮಳೆಗಾಲ ಮುಗಿಯುವ ತನಕ ಸೀತೆಯ ಸುದ್ದಿಯಿಲ್ಲದೆ ರಾಮ ಕಾದದ್ದು, ಲಕ್ಷ್ಮಣನೆದುರು ಅತ್ತದ್ದು ಈ ಬಂಡೆಗಳ ನಡುವೆ. ಹೊಳೆಯ ನಡುಗಡ್ಡೆ ನವಬೃಂದಾವನದಲ್ಲಿ 1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನವಿದೆ. ಕೃಷ್ಣನನ್ನು ಬೇಗನೆ ಬಾ ಎಂದು ಕರೆಯುವ, ನಾಡೆಲ್ಲ ಹಾಡುವ ಕೀರ್ತನೆ ಇವರದೇ ಎಂದು ಪ್ರತೀತಿ. ಬಾರದವರನ್ನು ಕರೆಯುವುದು ಈ ದಂಡೆಗೆ ಹೊಸದಲ್ಲ. ರಾಮನಿಗೂ ಕೇಳಲೊಬ್ಬ ತಮ್ಮನಿದ್ದ. ಮೆರವಣಿಗೆಯ ಕುಣಿತ ಅಲ್ಲಿ ಅರ್ಧ ಅರ್ಥವಾಯಿತು: ಗೆಳೆಯನ ದುಃಖಕ್ಕೆ ‘ಇರಲಿ ಬಿಡೋ’ ಅನ್ನುವ ಗಂಡಸರ ವಿಧಾನ ಅದು. ಹಾಡು ಅವಳನ್ನು ಕರೆಯುತ್ತದೆ; ಕೇಳಬೇಕಾದವರು ಗೆಳೆಯರು.

*

ಉಳಿದರ್ಧ ಯಲಬುರ್ಗಾದ ಕಡೆಯದು. ಬೀಸುವ ಕಲ್ಲಿನ ಪದ ಬಲ್ಲ ಮುದುಕಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಪದಗಳಲ್ಲಿ ಪ್ರಿಯಕರನನ್ನು ಹುಡುಕಿದರೆ ಸಿಗುವುದು ಅಣ್ಣ. ನಾಗರ ಪಂಚಮಿ ಬಂತು, ಕರೆಯಲು ಅಣ್ಣ ಬರಲಿಲ್ಲ. ಅತ್ತೆಮನೆಯ ಬಾಗಿಲಲ್ಲಿ ನಿಂತ ಹೆಣ್ಣುಮಗಳ ಕಣ್ಣು ದಾರಿಯ ಮೇಲೆ. ಹುಡುಗನ ಹಾಡು ಮುಗಿಯುವುದು ಅವಳ ಮದುವೆಯ ಅಕ್ಕಿಕಾಳಿಗೆ. ಮುದುಕಿಯರ ಪದ ಶುರುವಾಗುವುದು ಅಲ್ಲಿಂದ. ಒಂದರಲ್ಲಿ ನಕ್ಕೋತ ಹೋದವಳು, ಇನ್ನೊಂದರಲ್ಲಿ ಅಳುತ್ತಾ ಬೀಸುತ್ತಾಳೆ. ಇಬ್ಬರೂ ಒಬ್ಬಳೇ ಇರಬಹುದೆಂಬ ಅನುಮಾನ ಎರಡೂ ಹಾಡುಗಳಿಗೆ ಇಲ್ಲ.

*

ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿತು, ಪದವೂ ಅದರ ಹಿಂದೆ ಹೋಯಿತು. ಹುಡುಗನ ಹಾಡಿಗೆ ಸ್ಪೀಕರ್ ಸಿಕ್ಕಿತು.

*

ಹಾಡು ಕಟ್ಟುವ ಹುಡುಗರು ಸಿಕ್ಕರೆ ಕೇಳುವುದು: ಮದುವೆಯಾದ ಮೇಲಿನ ಪಂಚಮಿಗೆ ಆಕಿ ತವರಿಗೆ ಬಂದಳೇನು? ಕೊನೆಯ ನುಡಿಯಲ್ಲಿ ನಿಮ್ಮ ಹೆಸರು, ಊರಿನ ಜೊತೆ ಅದನ್ನೂ ಒಂದು ಸಾಲು ಸೇರಿಸಬಹುದಲ್ಲ. ತಾಳ ಬದಲಿಸುವುದು ಬೇಡ.