ನಾಲ್ಕು ನಿಮಿಷ

ಮಳೆಗಾಲ ಮುಗಿದಿದ್ದರೂ ಚಿಕ್ಕಮಗಳೂರಿನ ಕಾಫಿತೋಟಗಳ ಹಾದಿ ಇನ್ನೂ ಒಣಗಿರಲಿಲ್ಲ. ಮಗಳಿಗೆ ಅದು ಆ ವರ್ಷದ ಕೊನೆಯ ಓಟ, 80 ಕಿಲೋಮೀಟರು. 1974ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಡಿ ಐನ್ಸ್‌ಲೀ ಎಂಬಾತ ಕುದುರೆ ಸವಾರರ ಸ್ಪರ್ಧೆಯಲ್ಲಿ ಕುದುರೆಯಿಲ್ಲದೆಯೇ 100 ಮೈಲಿಯನ್ನು 24 ಗಂಟೆಯೊಳಗೆ ಓಡಿ ಮುಗಿಸಿದ್ದನ್ನು ಅವಳೇ ನನಗೆ ಹೇಳಿದ್ದಳು. ಹುಚ್ಚಿಗೂ ಒಂದು ಇತಿಹಾಸವಿರುತ್ತದೆ!

ಕೊನೆಯ ತಂಗುದಾಣಕ್ಕೆ ಅವಳು ಕತ್ತಲಲ್ಲಿ ಕುಂಟುತ್ತ ಬಂದಳು. ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಕೊಟ್ಟೆ.

“ಇನ್ನೆಷ್ಟಿದೆ ಅಪ್ಪಾ?”

6 ಕಿಲೋಮೀಟರು, 50 ನಿಮಿಷ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಉತ್ತರ ತಿಳಿದಿತ್ತು. ಸಾಕು, ನಿಲ್ಲಿಸು ಎನ್ನಬೇಕೆಂದಿದ್ದೆ. ಹಣೆಯ ದೀಪವನ್ನು ಸರಿಪಡಿಸಿ ಕಳುಹಿಸಿದೆ.

ನಾಲ್ಕು ನಿಮಿಷ ತಡವಾಗಿ ಬಂದಳು. ಪದಕವಿಲ್ಲ. ಬೂಟು ಕಳಚಿದಾಗ ಕಾಲ್ಚೀಲದಿಂದ ಎರಡು ಇಂಬಳ ಉದುರಿದವು.

“ಲೆಕ್ಕ ಮೊದಲೇ ಗೊತ್ತಿತ್ತಲ್ಲವೇ?” ಎಂದಳು.

ನಾನು ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದೆ.